ಬಾಗಿಲ ಮೇಲಿನ ಬೊಂಬು

೧೬ ಜನವರಿ ೧೯೮೫, ಬುಧವಾರ

ಇವತ್ತು ಮತ್ತೆ ತಲೆಗೆ ಬೊಂಬು ಬಡಿಯಿತು. ನಮ್ಮ ವರ್ಕ್‌ಷಾಪಿನ ಬಾಗಿಲಿಗೆ ಅಡ್ಡವಾಗಿ, ಆಳೆತ್ತರಕ್ಕಿಂತ ಚೂರು ತಗ್ಗಿಗೆ, ಮಾವ ಒಂದು ಬೊಂಬು ಕಟ್ಟಿಸಿದ್ದಾರೆ. ನಾವು ಮಾಡಿ ಮಾರಿದ ಫುಟ್‌ಬಾಲುಗಳಲ್ಲಿ ಕೆಟ್ಟು ವಾಪಸ್ ಬಂದದ್ದನ್ನೆಲ್ಲ ತಂತಿಯಿಂದ ಅದಕ್ಕೆ ನೇತುಹಾಕುತ್ತಾರೆ. ಒಳಗೆ ಹೋಗುವವರು, ಮಾವನೂ ಸೇರಿ, ಅವುಗಳ ಕೆಳಗೆ ತಲೆ ಬಗ್ಗಿಸಿಕೊಂಡೇ ಹೋಗಬೇಕು. ಊರವರೆಲ್ಲ ಬಾಗಿಲಿಗೆ ಮಾವಿನೆಲೆ ತೋರಣ ಕಟ್ಟಿದರೆ ನಮ್ಮದು ಇದು. ಕೋಲಾರದಲ್ಲಿ ಇನ್ನು ಯಾವ ಅಂಗಡಿಯವನು ತನ್ನ ಮಾನವನ್ನು ಹೀಗೆ ಬೀದಿಗೆ ನೇತುಹಾಕಿದ್ದಾನೋ ನಾನು ಕಾಣೆ.

ಫುಟ್‌ವಾಲ್ವ್ ಎಂದರೆ ಈ ಸೀಮೆಯಲ್ಲಿ ಯಾರಿಗೂ ತಿಳಿಯದು, ಫುಟ್‌ಬಾಲು ಎನ್ನಬೇಕು. ಡಿಪ್ಲೊಮಾ ಓದಿದ ನಾನೂ ಈಗ ಹಾಗೇ ಅನ್ನುತ್ತೇನೆ. ಬಾವಿ ನೀರಿನಲ್ಲಿ ಮುಳುಗಿದ ಪೈಪಿನ ತುದಿಗೆ ಕೂರುವ ಕಬ್ಬಿಣದ ಬುರುಡೆ, ಒಳಗೊಂದು ರಬ್ಬರಿನ ಮುಚ್ಚಳ. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಇಳಿಯಗೊಡುವುದಿಲ್ಲ; ಪೈಪಿನ ನೀರು ಇಳಿದುಹೋದರೆ ಪಂಪು ಬರೀ ಗಾಳಿ ಎಳೆಯುತ್ತದೆ. ಅಷ್ಟೇ ಅದರ ಜನ್ಮ. ಇದಕ್ಕೆ ಮಾವ ಇಪ್ಪತ್ತು ವರ್ಷ ಸುರಿದಿದ್ದಾರೆ. ಒಂದು ವರ್ಷ ಅಂಚು ಕೂದಲೆಳೆಯಷ್ಟು ದಪ್ಪ ಮಾಡುವುದು, ಇನ್ನೊಂದು ವರ್ಷ ಬೋಲ್ಟು ಬದಲಿಸುವುದು, ಅದನ್ನೇ ಮಹಾ ಕೆಲಸ ಎಂಬಂತೆ ವರ್ಷವೆಲ್ಲ ಹೇಳಿಕೊಂಡು ತಿರುಗುವುದು.

ಬೆಳಿಗ್ಗೆ ಧೈರ್ಯ ಮಾಡಿ ಸಬ್‌ಮರ್ಸಿಬಲ್ ಮೋಟರಿನ ಮಾತು ಎತ್ತಿದೆ. ಮೋಟರು, ಪಂಪು ಎರಡನ್ನೂ ಕೊಳವೆ ಬಾವಿಯೊಳಗೇ ಮುಳುಗಿಸಿ ತಳದಿಂದ ನೀರನ್ನು ಮೇಲಕ್ಕೆ ದಬ್ಬುವ ಯಂತ್ರ. ನಮ್ಮ ಬಾವಿಗಳಲ್ಲಿ ನೀರು ವರ್ಷವರ್ಷವೂ ಕೆಳಗಿಳಿಯುತ್ತಿದೆ, ಜನ ಬಾವಿಗೋಡೆಯಲ್ಲಿ ಮೆಟ್ಟಿಲು ಕಡಿದು ಮೋಟರನ್ನು ಇಳಿಸುತ್ತಲೇ ಇದ್ದಾರೆ. ಮೇಲೆ ಕೂತು ನೀರು ಎಳೆಯುವ ಪಂಪು ಇಪ್ಪತ್ತೈದು ಅಡಿಯಾಚೆ ಎಳೆಯಲಾರದು, ಬ್ರಹ್ಮನೇ ಬಂದು ಸ್ವಿಚ್ ಒತ್ತಿದರೂ. ಇಷ್ಟನ್ನೂ ಹೇಳಿದೆ.

ಮಾವ ಬೊಂಬಿನ ಕಡೆ ಕೈ ತೋರಿಸಿದರು. "ನೋಡಯ್ಯಾ, ಹೆಂಗೆ ತೂಗಾಡ್ತೈತೆ. ಈ ಬುರುಡೇನ ನೆಟ್ಟಗೆ ಮಾಡಕ್ಕಾಗದೋರು ನೆಲದೊಳಕ್ಕೆ ಮೋಟರ್ ಇಳಿಸ್ತೀವಾ?"

ಮಾವ ಚನ್ನರಾಯಪ್ಪನವರು ನನ್ನ ಅಮ್ಮನ ತಮ್ಮನೂ ಹೌದು, ಹೆಂಡತಿಯ ಅಪ್ಪನೂ ಹೌದು. ಅದರ ಮೇಲೆ ನಾನು ಮನೆಅಳಿಯ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಎದುರು ಮಾತಾಡುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಈ ಮನೆಯಲ್ಲಿ ನನ್ನದು ಎನ್ನುವುದು ಒಂದು ಸೈಕಲ್ಲು, ಮತ್ತೆ ಬೀರುವಿನ ಮೇಲೆ ಹಳೇ ಪಂಚೆಯಲ್ಲಿ ಸುತ್ತಿಟ್ಟಿರುವ ಆ ಮೋಟರಿನ ನಕ್ಷೆ. ಎರಡು ವರ್ಷ ಕೂತು ಬರೆದದ್ದು.

೨೦ ಜನವರಿ, ಭಾನುವಾರ

ಊಟಕ್ಕೆ ಕೂತಾಗ ಶ್ಯಾಮಲ ಮುದ್ದೆ ಬಡಿಸುತ್ತಾ, "ಅಪ್ಪಾ, ಹಿಂದಿನ ಷೆಡ್ಡನ್ನ ಬಾವನಿಗೆ ಕೊಟ್ಬಿಡಬಾರ್ದಾ? ಇಲಿ ಓಡಾಡಕ್ಕೆ ಇಟ್ಕೊಂಡಿದ್ದೀಯ" ಎಂದಳು. ಹೆಂಡತಿ ನನ್ನ ಪರ ಮಾತಾಡಿದ್ದಕ್ಕೆ ಖುಷಿಯಾಗಬೇಕಿತ್ತು. ಅವಳ ಬಾಯಿಂದ ಕೇಳಿಸಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಆ ಷೆಡ್ಡನ್ನು ರೇಷ್ಮೆ ಬಿಚ್ಚುವವರೊಬ್ಬರು ಬಾಡಿಗೆಗೆ ಕೇಳುತ್ತಿದ್ದಾರೆ. ಮಾವ ಇನ್ನೂ ಹೂಂ ಅಂದಿಲ್ಲ. ಇವತ್ತು ಮಜ್ಜಿಗೆ ಕುಡಿದು ಮುಗಿಸಿ ತೀರ್ಮಾನ ಹೇಳಿದರು. ಪ್ರತಿ ಯುಗಾದಿಗೂ ಬೊಂಬಿನ ಮೇಲಿನ ಹಳೇ ಫುಟ್‌ಬಾಲುಗಳನ್ನೆಲ್ಲ ಇಳಿಸಿ, ಕರಗಿಸಿ, ಹೊಸ ಎರಕ ಹುಯ್ಯುತ್ತೇವೆ. ಈ ಯುಗಾದಿಗೆ ಬೊಂಬು ಖಾಲಿಯಾದ ಮೇಲೆ ಮುಂಗಾರು ಬೀಳುವವರೆಗೆ ಅದಕ್ಕೆ ಒಂದೂ ಏರಬಾರದು. ಏರದಿದ್ದರೆ ಷೆಡ್ಡು ನನ್ನದು, ಮೋಟರು ಮಾಡಿಕೊಳ್ಳಬಹುದು. ಒಂದೇ ಒಂದು ಏರಿದರೂ ರೇಷ್ಮೆಯವರದ್ದು.

"ಆಗ್ಬೋದಾ, ಅಳಿಯಂದ್ರೇ?"

ಅಳಿಯಂದಿರೇ ಎಂದು ಕರೆದರೆ ಒಳಗೊಳಗೇ ನಗುತ್ತಿದ್ದಾರೆ ಎಂದರ್ಥ. ಆಗಲಿ ಎಂದೆ. ಒಂದು ಬುರುಡೆಯನ್ನು ಸರಿಮಾಡಲು ನನಗೆ ಎಷ್ಟು ಹೊತ್ತು ಬೇಕು?

೩ ಫೆಬ್ರವರಿ, ಭಾನುವಾರ

ಎಲ್ಲ ಬದಲಿಸಿಬಿಟ್ಟೆ. ಮುಚ್ಚಳ ಕೂರುವ ಜಾಗಕ್ಕೆ ಹಿತ್ತಾಳೆ ಬಳೆ ಹಾಕಿ ಲೇತಿನಲ್ಲಿ ಕನ್ನಡಿಯ ಹಾಗೆ ಉಜ್ಜಿಸಿದೆ. ರಬ್ಬರು ತೆಳುವಾದದ್ದು, ಬೆಂಗಳೂರಿನಿಂದ ತರಿಸಿದ್ದು. ಕೆಳಗಿನ ಜರಡಿಯ ತೂತುಗಳನ್ನು ಸಣ್ಣದು ಮಾಡಿದೆ, ಕಸಕಡ್ಡಿ ನುಗ್ಗಬಾರದಲ್ಲ. ಬೋಲ್ಟು ಬೇರೆ, ಒಳಗಿನ ತಿರುವೂ ಬೇರೆ. ತೊಟ್ಟಿಯಲ್ಲಿ ನಿಲ್ಲಿಸಿ ನೀರು ತುಂಬಿದರೆ ರಾತ್ರಿ ಕಳೆದರೂ ಒಂದು ತೊಟ್ಟು ಜಾರಲಿಲ್ಲ.

ಲೇತಿನ ಕೆಲಸದ ಕದಿರೇಶ, "ಒಡವೆ ಅಂಗಡೀಲಿ ಮಾರ್ಬೋದು ಕಣಣ್ಣ" ಎಂದ.

ಮಾವ ಮಾತ್ರ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಒಂದ್ಸಲಕ್ಕೆ ಒಂದು ಬದಲಾಯ್ಸು. ಎಲ್ಲಾನೂ ಒಟ್ಟಿಗೆ ಬದಲಾಯ್ಸಿದ್ರೆ ಯಾವುದು ಒಳ್ಳೇದು ಮಾಡ್ತು, ಯಾವುದು ಕೆಡಿಸ್ತು ಅಂತ ಹೆಂಗಯ್ಯಾ ತಿಳ್ಕೊಳ್ತೀಯ?" ಎಂದರು. ಹಾಗೆ ಮಾಡಿದರೆ ನನ್ನ ಷಷ್ಟ್ಯಬ್ದಿಗೆ ಸಬ್‌ಮರ್ಸಿಬಲ್ ಆಗುತ್ತದೆ.

ಯುಗಾದಿಗೆ ಮುಂಚೆಯೇ ಒಂದಷ್ಟು ಮಾಡಿಸಿ ಮುಳಬಾಗಿಲಿನ ಗಂಗುಲಪ್ಪನ ಪಂಪ್‌ಸೆಟ್ ಅಂಗಡಿಗೆ ಕಳಿಸಿದೆ.

೨೫ ಫೆಬ್ರವರಿ, ಸೋಮವಾರ

ವಾಪಸ್ ಬಂದಿವೆ. ಒಂದಲ್ಲ ಎರಡಲ್ಲ, ಗಂಗುಲಪ್ಪ ಗೋಣಿಚೀಲದಲ್ಲಿ ತುಂಬಿ ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸಿದ್ದಾನೆ. ಮಾವನದ್ದು ವರ್ಷಕ್ಕೆ ಅಷ್ಟು ವಾಪಸ್ ಬರುವುದಿಲ್ಲ. ಅವರು ಸ್ಟೂಲು ಹಾಕಿಕೊಂಡು, ಒಂದೊಂದನ್ನೇ, ನನ್ನ ಹಿತ್ತಾಳೆ ಬಳೆ ಬೀದಿಗೆ ಕಾಣುವ ಹಾಗೆ ಕಟ್ಟಿದರು.

೨೬ ಫೆಬ್ರವರಿ

ಇವತ್ತು ಹಿಂಬಾಗಿಲಿನಿಂದ ಒಳಗೆ ಹೋದೆ.

೨ ಮಾರ್ಚ್, ಶನಿವಾರ

ಮುಳಬಾಗಿಲಿಗೆ ಹೋಗಿದ್ದೆ. ಗಂಗುಲಪ್ಪ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು, "ನಿಮ್ದು ಸಗಣಿ ಕುಡಿಯಲ್ಲ ಸ್ವಾಮಿ, ಅದೇ ತೊಂದ್ರೆ" ಎಂದ. ತಮಾಷೆ ಮಾಡುತ್ತಿದ್ದಾನೆಂದು ಸಿಟ್ಟು ಬಂತು. "ನಂಬದೇ ಇದ್ರೆ ತಾಯಲೂರಿಗೆ ಹೋಗಿ, ಮುತ್ಯಾಲಮ್ಮನ ಬಾವಿ ಹತ್ರ ನಿಂತು ನೋಡಿ" ಎಂದ.

ಹೋದೆ. ಮುತ್ಯಾಲಮ್ಮನಿಗೆ ಐವತ್ತರ ಮೇಲಾಗಿರಬೇಕು. ಟೊಮೇಟೊ, ಹಿಪ್ಪುನೇರಳೆ ಎರಡನ್ನೂ ಒಬ್ಬಳೇ ನೋಡಿಕೊಳ್ಳುತ್ತಾಳೆ. "ರಾ ನಾಯನಾ, ಕೂಚೋ" ಎಂದು ತೆಲುಗಿನಲ್ಲೇ ಕರೆದು ಬಾವಿಯ ಕಲ್ಲಿನ ಮೇಲೆ ಕೂರಿಸಿದಳು. ಕೂರಿಸಿ, ನನ್ನ ಕಣ್ಣೆದುರೇ, ಒಂದು ಬಿಂದಿಗೆ ನೀರಿಗೆ ಎರಡು ಹಿಡಿ ಸಗಣಿ ಕದಡಿ ಪಂಪಿನ ಬಾಯಿಗೆ ಹುಯ್ದಳು. ನಾನು ಎದ್ದು ನಿಂತೆ.

"ಅಯ್ಯಯ್ಯೋ! ಹೊಸಾದು ಸೋರಲ್ಲ ಕಣಮ್ಮಾ. ಸಗಣಿ ಯಾಕೆ ಹಾಕ್ತೀಯ?"

"ಸೋರಲ್ಲ ಅಂತ ನೀನು ಹೇಳ್ತೀಯ. ಕರೆಂಟು ಎಷ್ಟೊತ್ತಿಗೆ ಬರ್ತೈತೆ ಅಂತ ಹೇಳ್ತೀಯಾ?" ಎಂದಳು. "ಬಂದಾಗ ಸ್ವಿಚ್ ಒತ್ತಿದ್ರೆ ನೀರು ಎತ್ತಬೇಕು. ಪೈಪಲ್ಲಿ ನೀರು ಐತಾ, ಇಳಿದುಹೋಯ್ತಾ ಅಂತ ಆವಾಗ ನೋಡ್ತಾ ಕೂತ್ರೆ ಕರೆಂಟು ನಮಗೋಸ್ಕರ ಕಾಯ್ತೈತಾ? ಅದಕ್ಕೇ ಬೆಳಗ್ಗೆ ಎದ್ದು ಹುಯ್ದುಬಿಡೋದು. ಸಗಣಿ ಹೋಗಿ ಸಂದೀಲಿ ಕೂತ್ಕೊಂಡ್ರೆ ಒಂದು ತೊಟ್ಟೂ ಇಳಿಯಲ್ಲ."

ನನ್ನ ಸಣ್ಣ ಜರಡಿ, ಕನ್ನಡಿಯಂಥ ಬಳೆ, ತೆಳು ರಬ್ಬರು ಎಲ್ಲವೂ ಸಗಣಿಯ ನಾರು ಮೆತ್ತಿ ಕಟ್ಟಿಕೊಂಡಿದ್ದು ಆಗ ಗೊತ್ತಾಯಿತು. ಮಾವನ ಒರಟು ಬುರುಡೆ ಸಗಣಿ ನುಂಗಿ ಜೀರ್ಣ ಮಾಡಿಕೊಳ್ಳುತ್ತಿತ್ತು.

"ಇದನ್ನ ಯಾರಮ್ಮಾ ನಿಮಗೆ ಕಲಿಸಿದ್ದು?"

"ಇನ್ಯಾರು? ನಿಮ್ಮ ಮಾವನೇ. ಮೊದಮೊದಲು ಆಯಪ್ಪನ ಫುಟ್‌ಬಾಲು ಸೋರೋದು. ಸಗಣಿ ಹಾಕ್ರಮ್ಮಾ, ನಿಲ್ತೈತೆ ಅಂತ ಬಾವಿ ಬಾವಿಗೂ ಬಂದು ಹೇಳಿಕೊಟ್ಟೋದ್ರು."

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ಬರುವಾಗ ದಾರಿಯುದ್ದಕ್ಕೂ ಹಲ್ಲು ಕಡಿದೆ. ಮನೆಗೆ ಬಂದವನೇ ಕೇಳಿದೆ. ಮಾವ ಸ್ವಲ್ಪವೂ ನಾಚಲಿಲ್ಲ. "ಹೌದಯ್ಯಾ, ಆವಾಗ ಸೋರೋದು. ಏನ್ಮಾಡ್ಲಿ? ನೀರು ನಿಲ್ಲಬೇಕಾಗಿತ್ತು, ನಿಲ್ಲಿಸ್ದೆ" ಎಂದರು. ಅಂದರೆ ಇಪ್ಪತ್ತು ವರ್ಷದ ಹಿಂದಿನ ಇವರ ಸೋರಿಕೆಗೆ ಈಗ ನಾನು ದಂಡ ತೆರುತ್ತಿದ್ದೇನೆ!

೯ ಮಾರ್ಚ್, ಶನಿವಾರ

ಉಪಾಯ ಸಿಕ್ಕಿತು. ಪ್ರತಿ ಫುಟ್‌ಬಾಲಿನ ಮೇಲೂ ಹಳದಿ ಬಣ್ಣದಲ್ಲಿ "ಸಗಣಿ ಹಾಕಬಾರದು" ಎಂದು ಬರೆಸಿದೆ. ಅಕ್ಷರಗಳು ಚೆನ್ನಾಗಿ ಬಂದಿದ್ದವು.

ಮಾವ ಓದಿ, ನನ್ನ ಮುಖ ನೋಡಿ, ಮತ್ತೆ ಓದಿದರು. "ಇದು ಬಾವಿ ತಳದಲ್ಲಲ್ವೇನಯ್ಯಾ ಇರೋದು?"

"ಹೌದು."

"ಹಂಗಾದ್ರೆ ಸರಿ ಬಿಡು. ಕಪ್ಪೆಗಳು ಓದ್ಕೊಳ್ತವೆ."

ಕದಿರೇಶ ನಗು ತಡೆಯಲಾರದೆ ಹೊರಗೆ ಓಡಿದ. ಶ್ಯಾಮಲ ಸಂಜೆಯವರೆಗೂ ನನ್ನನ್ನು ಕಂಡಾಗಲೆಲ್ಲ ವಟವಟ ಎನ್ನುತ್ತಿದ್ದಳು. ಈ ಮನೆಯ ನೀರು ನನಗೆ ಒಗ್ಗುವುದಿಲ್ಲ.

೧೪ ಮಾರ್ಚ್

ಬಣ್ಣ ಕೆರೆಸಿದೆ. ಬರೆಯಲು ಬೇರೇನೂ ಇಲ್ಲ.

೨೨ ಮಾರ್ಚ್, ಶುಕ್ರವಾರ, ಯುಗಾದಿ

ಬೇವುಬೆಲ್ಲ ಆದ ಮೇಲೆ ಬೊಂಬು ಇಳಿಸಿದೆವು. ಹಳೆಯದೆಲ್ಲ ಕುಲುಮೆ ಪಕ್ಕದ ರಾಶಿಗೆ ಹೋಯಿತು, ನನ್ನ ಹಿತ್ತಾಳೆ ಬಳೆಗಳೂ ಕೂಡ. ಮಾವ ಬರೀ ಬೊಂಬಿಗೆ ಹರಳೆಣ್ಣೆ ಸವರಿ, ಅರಿಸಿನ ಹಚ್ಚಿ, ಮತ್ತೆ ಕಟ್ಟಿದರು. ಇವತ್ತಿನಿಂದ ಕರಾರು ಶುರು.

ಸೋತು ಒಪ್ಪಿಕೊಂಡಿದ್ದೇನೆ. ಜನ ಸಗಣಿ ಬಿಡುವುದಿಲ್ಲ. ಆದ್ದರಿಂದ ಸಗಣಿ ಕುಡಿಯುವ ಫುಟ್‌ಬಾಲನ್ನೇ ಮಾಡಬೇಕು, ಅದೂ ಸೋರದ ಹಾಗೆ. ಮಾವನದ್ದು ಕುಡಿಯುತ್ತದೆ, ಆದರೆ ಸೋರುತ್ತದೆ. ನನ್ನದು ಸೋರುವುದಿಲ್ಲ, ಕುಡಿಯುವುದೂ ಇಲ್ಲ. ಅವರು ಹೇಳಿದ ಹಾಗೆ ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಜರಡಿಯ ತೂತು ದೊಡ್ಡದು ಮಾಡುತ್ತೇನೆ, ಮಿಕ್ಕಿದ್ದು ಹಾಗೇ ಇರಲಿ. ಷೆಡ್ಡು ಸಿಗುವವರೆಗೆ ಮಾತ್ರ ಈ ಆಮೆ ನಡಿಗೆ, ಆಮೇಲೆ ನನ್ನ ದಾರಿ ನನಗೆ.

೭ ಏಪ್ರಿಲ್, ಭಾನುವಾರ

ಬಚ್ಚಲ ಪಕ್ಕದ ಸಿಮೆಂಟು ತೊಟ್ಟಿಯನ್ನು ಪರೀಕ್ಷೆಗೆ ಹಿಡಿದುಕೊಂಡಿದ್ದೇನೆ. ನಮ್ಮ ಎಮ್ಮೆ ಸಗಣಿಯೇ ಬೇಕಷ್ಟಿದೆ. ಎಮ್ಮೆ ಸಗಣಿ ಬೇರೆ, ಹಸು ಸಗಣಿ ಬೇರೆ. ಹಸುವಿನದ್ದರಲ್ಲಿ ನಾರು ಉದ್ದ, ಅದು ಅಂಚಿಗೆ ಸುತ್ತಿಕೊಳ್ಳುತ್ತದೆ. ರಾಗಿ ಹುಲ್ಲು ತಿಂದ ಎತ್ತಿನದ್ದು ಇನ್ನೂ ಒರಟು. ಹುತ್ತೂರಿನ ಕಡೆಯಿಂದ ಎತ್ತಿನ ಸಗಣಿ ತರಿಸಿ ನೋಡಿದೆ. ಜರಡಿಯ ತೂತು ಹೆಬ್ಬೆರಳಿನಷ್ಟಾದರೆ ಸಗಣಿ ಸಲೀಸಾಗಿ ಇಳಿಯುತ್ತದೆ, ಆದರೆ ಮುಚ್ಚಳದ ಕೆಳಗೆ ಮರಳು ಕೂರುತ್ತದೆ. ಮರಳು ಎಲ್ಲಿಂದ ಎಂದು ಮೂರು ದಿನ ತಲೆಕೆಟ್ಟಿತ್ತು. ಸಗಣಿಯನ್ನು ನೆಲದಿಂದ ಬಾಚುವಾಗ ಮಣ್ಣೂ ಬರುತ್ತದಲ್ಲ!

ಅದಕ್ಕೆ ಮುಚ್ಚಳ ಕೂರುವ ಜಾಗವನ್ನು ಮಟ್ಟಸವಾಗಿ ಬಿಡದೆ ಬಟ್ಟೆ ಒಗೆಯುವ ಕಲ್ಲಿನ ಹಾಗೆ ಇಳಿಜಾರು ಮಾಡಿಸಿದೆ. ಮರಳು ತಾನಾಗಿಯೇ ಜಾರಿ ಹೋಗುತ್ತದೆ. ಬೆಂಗಳೂರು ರಬ್ಬರು ಬೇಡ, ಟ್ರ್ಯಾಕ್ಟರಿನ ಹಳೇ ಟ್ಯೂಬೇ ಒಳ್ಳೆಯದು, ಬಗ್ಗಿ ಅಂಟಿಕೊಳ್ಳುತ್ತದೆ. ಟ್ಯೂಬು ಕತ್ತರಿಸಲು ಅಚ್ಚು ಬೇಕಾಗಿತ್ತು, ಗಟ್ಟಿ ಕಾಗದ ಎಲ್ಲೂ ಸಿಗಲಿಲ್ಲ. ಕೊನೆಗೆ ಬೀರುವಿನ ಮೇಲಿದ್ದ ಸುರುಳಿಯನ್ನು ಅರ್ಧ ಬಿಚ್ಚಿ ಒಂದು ಗುಂಡನೆಯ ತುಂಡು ಕತ್ತರಿಸಿಕೊಂಡೆ. ಸರಿಯಾಗಿ ಕೂತಿತು.

ಶ್ಯಾಮಲ ಬಟ್ಟೆ ಒಣಹಾಕುತ್ತಾ, "ಎಮ್ಮೆ ಬಿಟ್ರೆ ಈ ಮನೇಲಿ ಸಗಣಿ ಜತೆ ಇಷ್ಟು ಹೊತ್ತು ಇರೋನು ನೀನೊಬ್ಬನೇ ಬಾವ" ಎಂದಳು. ಊಟಕ್ಕೆ ಕೂತರೆ ದೂರ ಕೂರಿಸುತ್ತಾಳೆ.

೧೬ ಏಪ್ರಿಲ್, ಮಂಗಳವಾರ

ಹೊಸ ಫುಟ್‌ಬಾಲು ಹಗಲೂ ರಾತ್ರಿಯೂ ನಿಂತಿತು. ಎತ್ತಿನ ಸಗಣಿ, ಮರಳು, ಮಾವಿನೆಲೆ ಚೂರು, ಎಲ್ಲ ಹಾಕಿದೆ. ನುಂಗಿತು, ಸೋರಲಿಲ್ಲ. ಮಾವ ಬಂದು ತೊಟ್ಟಿಗೆ ಮೊಣಕೈವರೆಗೂ ಕೈ ಹಾಕಿ ಸವರಿ ನೋಡಿದರು. ಇಳಿಜಾರಿನ ಮೇಲೆ ಬೆರಳು ನಿಂತಿತು. "ಇದು ನನಗೆ ಹೊಳೀಲಿಲ್ಲ ನೋಡು" ಎಂದರು. ಅಷ್ಟೇ ಅಂದದ್ದು. ಅವರು ಹೋದ ಮೇಲೂ ನಾನು ತುಂಬ ಹೊತ್ತು ಅಲ್ಲೇ ಕೂತಿದ್ದೆ. ಇಷ್ಟು ಸಂತೋಷವಾಗುವಂಥದ್ದು ಅದರಲ್ಲೇನಿತ್ತು, ತಿಳಿಯದು.

ಗಂಗುಲಪ್ಪನಿಗೆ ಕಳಿಸಿದೆ. ಹಳೆಯದರ ಬದಲಿಗೆ ಹೊಸದು ಹಾಕಿಕೊಡಲು ಹೇಳಿದ್ದೇನೆ.

೫ ಮೇ, ಭಾನುವಾರ

ಬೊಂಬು ಖಾಲಿ. ಬೆಳಿಗ್ಗೆ ಎದ್ದ ತಕ್ಷಣ ಹೋಗಿ ನೋಡಿಕೊಂಡು ಬರುತ್ತೇನೆ. ಮುಳಬಾಗಿಲಿನ ಬಸ್ಸು ಬಂದರೆ ಕಂಡಕ್ಟರು ಗೋಣಿಚೀಲ ಇಳಿಸುತ್ತಾನೋ ಎಂದು ಸ್ಟ್ಯಾಂಡಿನಲ್ಲಿ ನಿಲ್ಲುತ್ತೇನೆ. ಇವತ್ತು ಒಬ್ಬ ಚೀಲ ಇಳಿಸಿದ, ನನ್ನ ಜೀವವೇ ಹೋಯಿತು. ಬಾದಾಮಿ ಮಾವಿನಕಾಯಿ, ಶ್ರೀನಿವಾಸಪುರದ್ದು.

ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಯಾರಾದರೂ ಬಂದು ಒಂದು ಮಾತು ಹೇಳಬಾರದೇ?

೧೯ ಮೇ, ಭಾನುವಾರ

ಈಗಲೂ ಖಾಲಿ. ಕದಿರೇಶ ಷೆಡ್ಡಿನ ಬೀಗಕ್ಕೆ ಎಣ್ಣೆ ಬಿಟ್ಟು ಬಂದಿದ್ದಾನೆ. "ಗೆದ್ದುಬಿಟ್ರಿ ಅಣ್ಣಾ" ಎನ್ನುತ್ತಾನೆ. ಶ್ಯಾಮಲ, "ಇನ್ನೇನು ಮುಖ ಗಂಟು?" ಎಂದು ಕೇಳಿದಳು. ಗಂಟು ಯಾಕೆಂದರೆ, ಹೊಸ ಸಾಮಾನು ಹೊರಗೆ ಹೋದ ಮೇಲೆ ಏನಾದರೂ ಒಂದು ದೂರು ಬರಲೇಬೇಕು. ಬೋಲ್ಟು ಸಡಿಲ, ಪೈಪಿಗೆ ಸರಿಹೊಂದಲಿಲ್ಲ, ಏನೋ ಒಂದು. ಇದು ತೀರಾ ಸುಮ್ಮನಿದೆ. ಇಷ್ಟು ಸುಮ್ಮನಿರುವಷ್ಟು ಚೆನ್ನಾಗಿ ನಾನೂ ಮಾಡಿಲ್ಲ, ಯಾರೂ ಮಾಡಲಾರರು. ಮುಂದಿನ ಭಾನುವಾರ ತಾಯಲೂರಿಗೆ ಹೋಗಿ ಕಣ್ಣಾರೆ ನೋಡುತ್ತೇನೆ.

೨೬ ಮೇ, ಭಾನುವಾರ

ಹೋಗಬಾರದಿತ್ತು.

ಮುತ್ಯಾಲಮ್ಮ ಟೊಮೇಟೊ ತೋಟದಲ್ಲಿರಲಿಲ್ಲ, ತೋಟವೇ ಇರಲಿಲ್ಲ. ಹಿಪ್ಪುನೇರಳೆ ಮಾತ್ರ ಉಳಿದಿದೆ. ಬಾವಿಗೆ ಬಗ್ಗಿ ನೋಡಿದೆ. ಮೋಟರನ್ನು ಮತ್ತೂ ಎರಡು ಮೆಟ್ಟಿಲು ಇಳಿಸಿದ್ದಾರೆ. ಅದರ ಕೆಳಗೆ ಪೈಪು, ಪೈಪಿನ ತುದಿಗೆ ನನ್ನ ಫುಟ್‌ಬಾಲು, ಅದರ ಕೆಳಗೆ ಬಿರಿದ ಕೆಸರು. ಗಾಳಿಯಲ್ಲಿ ನೇತಾಡುತ್ತಿತ್ತು, ಥೇಟ್ ನಮ್ಮ ಬೊಂಬಿನ ಮೇಲೆ ನೇತಾಡಿದ ಹಾಗೆ.

"ನೀನು ಕೊಟ್ಟ ಫುಟ್‌ಬಾಲು ಬಂಗಾರ ನಾಯನಾ" ಎಂದಳು ಮುತ್ಯಾಲಮ್ಮ. "ಇದ್ದ ನೀರನ್ನ ಕೊನೇ ಹನಿವರ್ಗೂ ಎತ್ತಿಕೊಡ್ತು. ಆಮೇಲೆ ನೀರೇ ಇಲ್ಲ. ಮೇಲಿನ ತೋಟದೋರು ಬೋರು ಕೊರೆಸಿ ಅದೇನೋ ಮುಳುಗೋ ಮೋಟರು ಇಳಿಸಿದ್ರು. ಅವರದ್ದು ಓಡಿದಷ್ಟು ದಿನ ನಮ್ಮದು ಇಳೀತಾ ಬಂತು."

ಬೈರಕೂರಿಗೂ ಹೋದೆ. ಅಲ್ಲಿ ಕೇಳಿದವರದೆಲ್ಲ ಅದೇ ಕಥೆ. ವಾಪಸ್ ಬಂದಿಲ್ಲ, ಏಕೆಂದರೆ ಓಡಿಯೇ ಇಲ್ಲ. ಒಂದೇ ಒಂದು ಬಾವಿಯಲ್ಲಿ, ಕೆರೆ ಅಂಚಿನದ್ದು, ನೀರಿತ್ತು. ಅದರ ಯಜಮಾನರು ಮನೆಯಲ್ಲಿರಲಿಲ್ಲ. ಕರೆಂಟು ಬರುವವರೆಗೆ ಅದರ ಪಕ್ಕದಲ್ಲೇ ಕೂತಿದ್ದೆ. ಆಳು ಸ್ವಿಚ್ ಒತ್ತಿದ ಕೂಡಲೇ ನೀರು ಬಂತು. ಒಂದು ಬಾವಿಯನ್ನು ನಂಬಿ ಏನು ಹೇಳುವುದು? ನನ್ನ ಕೆಲಸ ಸರಿಯಾಗಿದೆಯೋ ಇಲ್ಲವೋ ತಿಳಿಯುವ ದಾರಿಯೇ ಮುಚ್ಚಿಹೋಯಿತು. ಅದೇ ನನಗೆ ತಡೆಯಲಾಗದ ಸಂಕಟ.

೨೭ ಮೇ, ಸೋಮವಾರ

ಮಾವನಿಗೆ ಹೇಳಿಬಿಟ್ಟೆ. ಹೇಳದಿದ್ದರೆ ಷೆಡ್ಡು ಸಿಗುತ್ತಿತ್ತು ಎಂದು ಕದಿರೇಶ ಹಣೆ ಚಚ್ಚಿಕೊಂಡ. ನಿಜ ಹೇಳಬೇಕೆಂದರೆ ಆ ಲೆಕ್ಕ ನನಗೆ ಹೊಳೆಯಲೇ ಇಲ್ಲ.

"ಬೊಂಬು ಖಾಲಿ ಇರೋದು ನಮ್ಮ ಹೆಚ್ಚುಗಾರಿಕೆಯಿಂದಲ್ಲ ಮಾವ. ಈ ಸಲದ್ದು ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಬಾವಿಗಳಲ್ಲಿ ನೀರಿರುವಾಗ ನೋಡೋಣ. ಅಷ್ಟರಲ್ಲಿ ಆ ಮುಚ್ಚಳದ ಕೀಲು ಒಂಚೂರು ಬದಲಾಯಿಸ್ಬೇಕು, ಅದೊಂದು ನನಗೆ ಸಮಾಧಾನ ಇಲ್ಲ" ಎಂದೆ.

ಮಾವ ನನ್ನ ಕಡೆ ತಿರುಗಿದರು. "ಮುಂದಿನ ವರ್ಷ? ಏನು ಮಾತಾಡ್ತಿದ್ದೀಯಯ್ಯಾ? ನೀರು ಇಪ್ಪತ್ತೈದು ಅಡಿ ದಾಟಿ ಹೋದ್ಮೇಲೆ ಯಾವ ಕೀಲು ಏನ್ಮಾಡ್ತೈತೆ? ಬ್ರಹ್ಮ ಬಂದ್ರೂ ಎಳೆಯಕ್ಕಾಗಲ್ಲ. ಷೆಡ್ಡು ತಗೋ. ಮೋಟರು ಮಾಡು."

"ಆ ಮೋಟರಿಂದಲೇ ಮುತ್ಯಾಲಮ್ಮನ ಬಾವಿ ಬತ್ತಿದ್ದು ಮಾವ! ಒಂದೊಂದು ಹಂತವಾಗಿ ಮಾಡೋಣ. ಅವಸರ ಮಾಡಿದ್ರೆ ಯಾವುದು ಕೆಡಿಸ್ತು ಅಂತಾನೇ ತಿಳಿಯಲ್ಲ."

"ನಾವು ಮಾಡದಿದ್ರೆ ಬೇರೆಯೋರು ಮಾಡಲ್ವೇನಯ್ಯಾ?"

"ಮಾಡ್ಲಿ! ನಮಗೇನು ಆತುರ?"

ಜೋರಾಗಿಯೇ ಜಗಳವಾಯಿತು. ಶ್ಯಾಮಲ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದವಳು ಇದ್ದಕ್ಕಿದ್ದ ಹಾಗೆ ನಗಲು ಶುರು ಮಾಡಿ, ಲೋಟ ಕೆಳಗಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ನಾನು ಇಷ್ಟು ಮುಖ್ಯವಾದ ಮಾತಾಡುವಾಗ ಅವಳಿಗೇನು ನಗು ಬಂತೋ. ಕೇಳಿದರೂ ಹೇಳುತ್ತಿಲ್ಲ.

೩೧ ಮೇ, ಶುಕ್ರವಾರ

ಮಾವ ನಿನ್ನೆ ಯಾರಿಗೂ ಹೇಳದೆ ತಾಯಲೂರಿಗೆ ಹೋಗಿ ಬಂದಿದ್ದಾರೆ. ಇವತ್ತು ಬೆಳಿಗ್ಗೆ ಷೆಡ್ಡಿನ ಬೀಗ ತೆಗೆದು, ತಾವೇ ಪೊರಕೆ ಹಿಡಿದು ಗುಡಿಸುತ್ತಿದ್ದರು. ಐವತ್ತೆಂಟರ ಮನುಷ್ಯ, ತಲೆಯೆಲ್ಲ ಜೇಡರಬಲೆ.

ನಾನು ಪೊರಕೆ ಕಿತ್ತುಕೊಳ್ಳಲು ಹೋದೆ. ಬಿಡಲಿಲ್ಲ. "ಇಪ್ಪತ್ತು ವರ್ಷ ಮಾಡಿದ ಪದಾರ್ಥ ಒಣಗಿದ ಬಾವೀಲಿ ನೇತಾಡೋದನ್ನ ನೋಡಿ ಬಂದೆ ಕಣಯ್ಯಾ" ಎಂದರು. "ನೀರಿರೋ ಬಾವಿ ಇರೋವರ್ಗೂ ನಾನು ಅದನ್ನ ಮಾಡ್ತೀನಿ, ನಿನ್ನ ಇಳಿಜಾರು ಹಾಕೇ ಮಾಡ್ತೀನಿ. ಬೋರುಗಳು ಬಂದಾಯ್ತು, ನೀನು ಬೇಡ ಅಂದ್ರೆ ನಿಲ್ಲಲ್ಲ. ಕಂಡೋರೆಲ್ಲ ಮೋಟರ್ ಮಾಡಿ ಮಾರ್ತಾರೆ. ಅವರದ್ದು ಕೆಟ್ರೆ ಯಾವ ಬಾಗಿಲಿಗೆ ನೇತುಹಾಕ್ತಾರೆ, ಹೇಳು? ಅದಕ್ಕೇ ನೀನು ಮಾಡಬೇಕು ಅಂತಿರೋದು. ತಗೊಂಡ್ ಬಾ ನಿನ್ನ ನಕ್ಷೆ."

ಜನವರಿಯಲ್ಲಿ ಈ ಮಾತಿಗಾಗಿ ನಾನು ಏನು ಬೇಕಾದರೂ ಕೊಡುತ್ತಿದ್ದೆ. ಮನೆಗೆ ಓಡಿ, ಬೀರುವಿನ ಮೇಲಿದ್ದ ಸುರುಳಿಯನ್ನು ತಂದು, ಷೆಡ್ಡಿನ ಮೇಜಿನ ಧೂಳು ಒರೆಸಿ, ಹರಡಿದೆ. ನಾಲ್ಕು ಮೂಲೆಗೂ ಒಂದೊಂದು ಬೋಲ್ಟು ಇಟ್ಟೆ. ಮಾವ, ಕದಿರೇಶ, ಶ್ಯಾಮಲ ಮೂವರೂ ಬಗ್ಗಿ ನೋಡಿದರು.

ನಕ್ಷೆಯ ನಟ್ಟನಡುವೆ, ಮೋಟರು ಇರಬೇಕಾದ ಜಾಗದಲ್ಲಿ, ಗುಂಡನೆಯ ತೂತು. ಅದರೊಳಗಿಂದ ಮೇಜಿನ ಹಲಗೆ ಕಾಣುತ್ತಿತ್ತು.

ಮಾವ ಅಂಗಿ ಜೇಬಿಗೆ ಕೈ ಹಾಕಿ, ಟ್ರ್ಯಾಕ್ಟರ್ ಟ್ಯೂಬಿನ ಹೊಸ ಮುಚ್ಚಳವೊಂದನ್ನು ತೆಗೆದು, ಮೆಲ್ಲಗೆ ಆ ತೂತಿನ ಮೇಲೆ ಇಟ್ಟರು. ಅಂಚಿಗೆ ಅಂಚು ಕೂತಿತು.

"ಅಳಿಯಂದ್ರೇ, ಮೋಟರ್ ಎಲ್ಲಿ?"

"ಮುಚ್ಚಳವಾಗಿ ಬಾವಿಗಳಲ್ಲಿದೆ ಮಾವ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು, ನಗುವೂ ಬಂತು. ಮಾವ ನನ್ನ ಹೆಗಲ ಮೇಲೆ ಕೈ ಇಟ್ಟರು. ನಾನು ಈ ಮನೆಗೆ ಬಂದ ಮೇಲೆ ಅವರು ಹಾಗೆ ಕೈ ಇಟ್ಟದ್ದು ಇದೇ ಮೊದಲು. "ಇನ್ನೊಂದ್ಸಲ ಬರಿ. ಈ ಸಲ ಬರೆಯೋಕೆ ಮುಂಚೆ ಹತ್ತು ಬೋರು ನೋಡ್ಕೊಂಡು ಬಾ" ಎಂದರು.

೨ ಜೂನ್, ಭಾನುವಾರ

ಸಂಜೆ ಸಣ್ಣಗೆ ಮಳೆ ಬಂತು, ಧೂಳು ಅಡಗುವಷ್ಟು. ತಾಯಲೂರಿನ ಕಡೆ ಬಿತ್ತೋ ಇಲ್ಲವೋ ತಿಳಿಯದು.

ಷೆಡ್ಡಿಗೆ ಇನ್ನೂ ಒಂದು ಯಂತ್ರವೂ ಬಂದಿಲ್ಲ, ಹೊಸ ಕಾಗದ ಮೊದಲೇ ಇಲ್ಲ. ಕೈ ಸುಮ್ಮನಿರಲಾರದೆ ಸಂತೆಯಿಂದ ಒಂದು ಒಳ್ಳೇ ಬೊಂಬು ತಂದು, ಹರಳೆಣ್ಣೆ ಸವರಿ ಷೆಡ್ಡಿನ ಬಾಗಿಲಿಗೆ ಅಡ್ಡ ಕಟ್ಟಿದೆ. ಎತ್ತರ ಸರಿಯಾಗಿದೆಯೋ ನೋಡೋಣವೆಂದು ಒಳಗೆ ಹೋಗಿ ಹೊರಗೆ ಬಂದೆ. ಎರಡು ಸಲವೂ ಹಣೆಗೆ ಬಡಿಯಿತು. ಸರಿಯಾಗಿದೆ.